ತಾಳ ಯಾರ ಕೈಯಲ್ಲಿ? ಹಿಪ್-ಹಾಪ್ ಆಲ್ಬಂ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ ‘ಟು ಪಿಂಪ್ ಎ ಬಟರ್‌ಫ್ಲೈ’ (2015) ಬಗ್ಗೆ ಬಂದ ಪತ್ರಗಳಲ್ಲಿ ಎರಡು ಬಗೆ. ಅದನ್ನು ಹೇಗೆ ಕೇಳಬೇಕು ಎಂದವರು ಕೆಲವರು. ಅಂಥದ್ದೊಂದನ್ನು ತಾವೇ ಮಾಡಲು ಹೊರಟು ನಡುದಾರಿಯಲ್ಲಿ ಸಿಕ್ಕಿಕೊಂಡವರು ಉಳಿದವರು. ಈ ಸಲದ ಅಂಕಣ ಇಬ್ಬರಿಗೂ. ಒಂದೇ ಸಮಸ್ಯೆ ಹೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಕರ್ನಾಟಕ ಸಂಗೀತ ಕೇಳಿ ಬೆಳೆದವನು, ವಯಸ್ಸು ಅರವತ್ತು ದಾಟಿದೆ. ‘ಅಪ್ಪ, ಇದನ್ನ ಒಂದ್ಸಲ ಪೂರ್ತಿ ಕೇಳಿ’ ಎಂದು ಮಗಳು ಈ ಆಲ್ಬಂ ಹಾಕಿಕೊಟ್ಟಳು. ಮೂರನೇ ಹಾಡಿಗೇ ನಿಲ್ಲಿಸಿದೆ. ಎಲ್ಲಿಂದ ಶುರು ಮಾಡಲಿ? — ಓದುಗರು, ಮೈಸೂರು

ಒಂದನೇ ಹಾಡಿನಿಂದ ಬೇಡ. 16 ಹಾಡು, ಹತ್ತಿರಹತ್ತಿರ 79 ನಿಮಿಷ. ಅಷ್ಟನ್ನೂ ಒಂದೇ ಗುಕ್ಕಿಗೆ ಕೇಳಹೊರಟರೆ ಯಾರಿಗಾದರೂ ಕಷ್ಟ.

ನಿಮಗೆ ಕಾಲಪ್ರಮಾಣದ ಕಿವಿ ಇದೆ. ಹಾಗಾಗಿ ಎರಡನೆಯದಾದ ‘ಫಾರ್ ಫ್ರೀ?’ ಮೊದಲು ಹಾಕಿ. ಎರಡು ನಿಮಿಷದ ಚಿಕ್ಕ ತುಣುಕು. ಪಿಯಾನೊ, ನಿಲುವು ಬೇಸ್, ಡ್ರಮ್ಸ್ ಓಡುತ್ತಿರುತ್ತವೆ. ಮಾತಿನ ಅರ್ಥ ಸದ್ಯಕ್ಕೆ ಬಿಡಿ. ತನಿ ಆವರ್ತನದಲ್ಲಿ ಮೃದಂಗದವರು ಎಡುಪಿನಿಂದ (ಹಾಡು ಹಿಡಿಯುವ ಜಾಗದಿಂದ) ದೂರ ಹೋಗಿ, ಲೆಕ್ಕ ತಪ್ಪಿತೇನೋ ಅನ್ನಿಸುವಷ್ಟು ಅಲೆದಾಡಿ, ಸರಿಯಾದ ಜಾಗಕ್ಕೆ ಬಂದು ಕೂರುತ್ತಾರಲ್ಲ, ಇಲ್ಲಿ ಆ ಕೆಲಸವನ್ನು ನಾಲಿಗೆ ಮಾಡುತ್ತಿದೆ. ಇದು ಹಿಡಿಸಿದರೆ ಫಂಕ್ ನಡೆಯ ‘ಕಿಂಗ್ ಕುಂಟಾ’, ಆಮೇಲೆ ‘ದೀಸ್ ವಾಲ್ಸ್’, ‘ಆಲ್‌ರೈಟ್’, ‘ಹೌ ಮಚ್ ಎ ಡಾಲರ್ ಕಾಸ್ಟ್’. ಈ ಐದು ಕಿವಿಗೆ ಹತ್ತಿದ ಮೇಲೆ ಮೊದಲಿನಿಂದ ಕೊನೆಯವರೆಗೆ, ಅನುಕ್ರಮದಲ್ಲೇ.

ಅನುಕ್ರಮ ಮುರಿಯಬಾರದ್ದಕ್ಕೆ ಕಾರಣ ಒಂದು ಕವಿತೆ. ‘ಕಿಂಗ್ ಕುಂಟಾ’ ಮುಗಿಯುವಾಗ ಅದರ ಮೊದಲ ತುಣುಕು ಬರುತ್ತದೆ. ಮುಂದೆ ಮತ್ತೆ ಬಂದಾಗಲೆಲ್ಲ ಇನ್ನಷ್ಟು ಬೆಳೆದಿರುತ್ತದೆ. ಪೂರ್ತಿ ಕೇಳಿಸುವುದು 12 ನಿಮಿಷದ ಕೊನೆಯ ಹಾಡು ‘ಮಾರ್ಟಲ್ ಮ್ಯಾನ್’ನಲ್ಲಿ. ಆಗ ಗೊತ್ತಾಗುತ್ತದೆ, ಲಮಾರ್ ಇಷ್ಟು ಹೊತ್ತು ಅದನ್ನು ಓದಿ ಹೇಳುತ್ತಿದ್ದದ್ದು 1996ರಲ್ಲಿ ಕೊಲೆಯಾದ ರ‍್ಯಾಪರ್ ಟುಪಾಕ್ ಶಕೂರ್ ಅವರಿಗೆ. ಟುಪಾಕ್ ದನಿ 1994ರಲ್ಲಿ ಸ್ವೀಡನ್ ರೇಡಿಯೊಗೆ ಕೊಟ್ಟ ಸಂದರ್ಶನದ್ದು. ಉತ್ತರಗಳಿಗೆ ತಕ್ಕ ಪ್ರಶ್ನೆಗಳನ್ನು ಲಮಾರ್ ದನಿಯಲ್ಲಿ ಕೂಡಿಸಿದ್ದಾರೆ. ನಮ್ಮ ಮಟ್ಟಿಗೆ ಆ ಸಂಭಾಷಣೆ ಮೊದಲ ಸಲ ಮೈ ನಡುಗಿಸುತ್ತದೆ, ಮೂರನೇ ಸಲಕ್ಕೆ ಕೊಂಚ ಭಾರ ಅನ್ನಿಸುತ್ತದೆ.

ಬೈಗುಳ ಧಾರಾಳವಾಗಿದೆ. ಮನೆಯಲ್ಲಿ ಚಿಕ್ಕವರಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಬಲಕ್ಕೊಂದು ಎಡಕ್ಕೊಂದು ಇಟ್ಟಿರುವ ದನಿಗಳೂ ಆಗ ಬಿಡಿಯಾಗಿ ಕೇಳಿಸುತ್ತವೆ.

ಪ್ರಶ್ನೆ: ‘ಜಾಝ್ ಬೆರೆಸಿದ ಹಿಪ್-ಹಾಪ್’ ಎಂದು ಎಲ್ಲರೂ ಹೊಗಳುತ್ತಾರೆ. ಹಳೆಯ ರೆಕಾರ್ಡಿನ ತುಣುಕು ಕತ್ತರಿಸಿ ಅಂಟಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನನಗಂತೂ ಫ್ಯೂಷನ್ ಅಂದರೇ ಅಲರ್ಜಿ. — ಓದುಗರು, ಧಾರವಾಡ

ನಿಮ್ಮ ಅಲರ್ಜಿಗೆ ಸಕಾರಣವಿದೆ. ಫ್ಯೂಷನ್ ಹೆಸರಲ್ಲಿ ನಡೆಯುವ ಬಹಳಷ್ಟು ಕಛೇರಿಗಳಲ್ಲಿ ಪ್ರತಿಯೊಬ್ಬರೂ ತಮಗೆ ಬಂದದ್ದನ್ನೇ ನುಡಿಸಿ ಕೆಳಗಿಳಿಯುತ್ತಾರೆ. ತಾಳ ಯಾರದು ಎಂಬುದು ಇತ್ಯರ್ಥವೇ ಆಗಿರುವುದಿಲ್ಲ.

ಜಾಝ್ ಮತ್ತು ರ‍್ಯಾಪ್ ಸಂಬಂಧ 2015ರಲ್ಲಿ ಹುಟ್ಟಿದ್ದಲ್ಲ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 1991ರ ‘ದ ಲೋ ಎಂಡ್ ಥಿಯರಿ’ಯಲ್ಲಿ ಜಾಝ್ ದಿಗ್ಗಜ ರಾನ್ ಕಾರ್ಟರ್ ಒಂದು ಹಾಡಿಗೆ ಬೇಸ್ ನುಡಿಸಿದ್ದಾರೆ. 1993ರಲ್ಲಿ ಗುರು ಎಂಬ ಹೆಸರಿನ ರ‍್ಯಾಪರ್ ಡೊನಾಲ್ಡ್ ಬರ್ಡ್, ರಾಯ್ ಏಯರ್ಸ್ ಮುಂತಾದವರನ್ನು ಕರೆಸಿ ‘ಜಾಝ್‌ಮಟಾಝ್’ ಮಾಡಿದರು. ಆದರೆ ಆ ಕಾಲದ ಹೆಚ್ಚಿನ ಹಾಡುಗಳಲ್ಲಿ ಯಂತ್ರದ ಲೂಪ್ (ಮತ್ತೆ ಮತ್ತೆ ತಿರುಗುವ ತುಣುಕು) ಅಲುಗದೆ ನಿಂತಿರುತ್ತಿತ್ತು. ಜಾಝ್ ವಾದಕರು ಅದರ ಮೇಲೆ ಕೂತು ಹೋಗುತ್ತಿದ್ದರು.

ಲಮಾರ್ ಆಲ್ಬಂನ ವಾದಕರ ಹಿನ್ನೆಲೆ ಬೇರೆ. ಸ್ಯಾಕ್ಸೋಫೋನಿನ ಕಮಾಸಿ ವಾಷಿಂಗ್ಟನ್, ಬೇಸ್ ನುಡಿಸುವ ಥಂಡರ್‌ಕ್ಯಾಟ್, ಸ್ಯಾಕ್ಸೋಫೋನ್ ಮತ್ತು ಕೀಬೋರ್ಡ್ ಎರಡರಲ್ಲೂ ಕೈಯಿರುವ ನಿರ್ಮಾಪಕ ಟೆರೇಸ್ ಮಾರ್ಟಿನ್, ಎಲ್ಲರೂ ಲಾಸ್ ಏಂಜಲೀಸಿನವರು, ಶಾಲಾದಿನಗಳಿಂದ ಪರಿಚಿತರು. ಕಮಾಸಿ, ಟೆರೇಸ್ ಇಬ್ಬರೂ ಸ್ನೂಪ್ ಡಾಗ್ ವಾದ್ಯವೃಂದದಲ್ಲಿ ದುಡಿದವರು. ಥಂಡರ್‌ಕ್ಯಾಟ್ ‘ಸೂಯಿಸೈಡಲ್ ಟೆಂಡೆನ್ಸೀಸ್’ ಎಂಬ ಅಬ್ಬರದ ರಾಕ್ ತಂಡದಲ್ಲೂ ಇದ್ದವರು. ಅಂದರೆ ರ‍್ಯಾಪ್ ಇವರಿಗೆ ಅತಿಥಿಯಾಗಿ ಹೋಗುವ ಮನೆಯಾಗಿರಲಿಲ್ಲ.

ಒಂದೊಂದು ಹಾಡಿಗೂ ತಾಳ ಯಾರ ಕೈಯಲ್ಲಿದೆ ಎಂದು ಕೇಳುತ್ತಾ ಹೋಗಿ. ‘ಫಾರ್ ಫ್ರೀ?’ಯಲ್ಲಿ ಡ್ರಮ್ಸ್ ಮತ್ತು ಬೇಸ್ ಕೈಯಲ್ಲಿ. ಪಿಯಾನೊ ನುಡಿಸುವ ರಾಬರ್ಟ್ ಗ್ಲಾಸ್ಪರ್ ಕೂಡ ಅವರ ಹಿಂದೆ, ರ‍್ಯಾಪ್ ಕೂಡ ಅವರ ಹಿಂದೆ. ‘ಕಿಂಗ್ ಕುಂಟಾ’ದಲ್ಲಿ ಬೇಸ್ ಸಾಲೇ ಒಡೆಯ. ಫ್ಯಾರೆಲ್ ವಿಲಿಯಮ್ಸ್ ಮತ್ತು ಸೌನ್‌ವೇವ್ ಮಾಡಿದ ‘ಆಲ್‌ರೈಟ್’ನಲ್ಲಿ ಯಂತ್ರದ ಡ್ರಮ್ಸ್ ಆಳುತ್ತದೆ, ಸ್ಯಾಕ್ಸೋಫೋನ್ ಸಂದು ಸಿಕ್ಕಲ್ಲಿ ಮಾತ್ರ ಮಾತಾಡುತ್ತದೆ. ನಾಕ್ಸ್‌ಲೆಜ್ ಮಾಡಿದ ‘ಮಾಮಾ’ದಲ್ಲಿ ಕತ್ತರಿಸಿದ ಸ್ಯಾಂಪಲ್ಲೇ ನಡೆಸುವುದು, ‘ಹುಡ್ ಪಾಲಿಟಿಕ್ಸ್’ ಸ್ವತಂತ್ರ (ಇಂಡೀ) ಗಾಯಕ ಸುಫ್ಯಾನ್ ಸ್ಟೀವನ್ಸ್ ಅವರ ಹಾಡಿನ ತುಣುಕು ಹಿಡಿದುಕೊಂಡಿದೆ. ಕತ್ತರಿಸಿ ಅಂಟಿಸುವುದೂ ಇಲ್ಲಿ ಬೇಕಾದಷ್ಟಿದೆ ಎಂದಾಯಿತು. ವ್ಯತ್ಯಾಸ ಇರುವುದು ಒಂದು ಹಾಡಿನಲ್ಲಿ ಇಬ್ಬರು ಯಜಮಾನರಿಲ್ಲ ಎಂಬುದರಲ್ಲಿ. ಯಜಮಾನಿಕೆ ಬದಲಾಗುವುದಿದ್ದರೆ ‘ಯು’ ಹಾಡಿನ ಹಾಗೆ ನಟ್ಟನಡುವೆ ಹಾಡೇ ಮುರಿದು ಬೇರೆ ನಡೆ ಹಿಡಿಯುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ವೇಗದ ಬೀಟ್ ಮಾಡುತ್ತೇನೆ. ಎಲ್ಲ ಏಟೂ ಸಾಫ್ಟ್‌ವೇರಿನ ಕಾಲದ ಗೆರೆಗಳ, ಅಂದರೆ ಗ್ರಿಡ್ ಮೇಲೆ ಇಟ್ಟರೆ ಜೀವ ಇಲ್ಲ, ‘ಹ್ಯೂಮನೈಸ್’ ಒತ್ತಿದರೆ ತಾಳ ತಪ್ಪಿದ ಹಾಗೆ ಕೇಳಿಸುತ್ತದೆ. ಆ ತೂಗಾಟ ತರುವುದು ಹೇಗೆ ಸಾರ್? — ಓದುಗರು, ದಾವಣಗೆರೆ

ಹ್ಯೂಮನೈಸ್ ಗುಂಡಿ ಪ್ರತಿ ಏಟನ್ನೂ ಮನಬಂದಂತೆ ಹಿಂದೆಮುಂದೆ ತಳ್ಳುತ್ತದೆ. ಒಳ್ಳೆಯ ಡ್ರಮ್ಮರ್ ಹಾಗೆ ಮಾಡುವುದಿಲ್ಲ. ಅವನು ತಡಮಾಡುವುದು ಪ್ರತಿ ಸಲ ಅದೇ ಏಟಿಗೆ, ಹೆಚ್ಚುಕಮ್ಮಿ ಅಷ್ಟೇ ತಡ. ಕಿವಿ ಅದನ್ನು ನಡೆ ಎಂದು ಒಪ್ಪಿಕೊಳ್ಳುತ್ತದೆ.

ಲೆಕ್ಕ ನೋಡಿ. 90 ಬಿಪಿಎಂನಲ್ಲಿ ಒಂದು ಬೀಟ್ 667 ಮಿಲಿಸೆಕೆಂಡ್, ಅರ್ಧ ಬೀಟ್ 333. ಆ ಅರ್ಧದೊಳಗೆ ಎರಡು ಏಟು ಕೂರಬೇಕು. ಎರಡನೇ ಏಟು ಆ ಅರ್ಧದ ಶೇಕಡಾ ಎಷ್ಟರಲ್ಲಿ ಬೀಳಬೇಕು ಎಂಬ ಅಂಕಿಯೇ ಸ್ವಿಂಗ್. ಅದು 50 ಇದ್ದರೆ ಎರಡನೆಯದು 167ಕ್ಕೆ, 54 ಇಟ್ಟರೆ 180ಕ್ಕೆ, 58 ಇಟ್ಟರೆ 193ಕ್ಕೆ, 66 ಇಟ್ಟರೆ 220ಕ್ಕೆ ಬೀಳುತ್ತದೆ. ಹಿಪ್-ಹಾಪ್‌ನ ಹೆಚ್ಚಿನ ಸುಖ 54ರಿಂದ 58ರ ನಡುವೆ ಇದೆ, ಅಂದರೆ 13ರಿಂದ 26 ಮಿಲಿಸೆಕೆಂಡ್ ತಡ. ಡೆಟ್ರಾಯಿಟ್‌ನ ಬೀಟ್‌ಗಾರ ಜೆ ಡಿಲ್ಲಾ ಬಳಸುತ್ತಿದ್ದ ಎಂಪಿಸಿ 3000 ಯಂತ್ರ ಒಂದು ಬೀಟನ್ನು 96 ಪಾಲು ಮಾಡುತ್ತದೆ. ಈ ವೇಗದಲ್ಲಿ ಒಂದು ಪಾಲು ಸುಮಾರು 7 ಮಿಲಿಸೆಕೆಂಡ್. ಅವರ ಹೆಸರಾಂತ ಓಲಾಟ ಹುಟ್ಟಿದ್ದು ಇಂಥ ಎರಡು-ಮೂರು ಪಾಲುಗಳ ಅಂತರದಲ್ಲಿ, ಅದೂ ಒಂದೊಂದು ವಾದ್ಯಕ್ಕೆ ಒಂದೊಂದು ಲೆಕ್ಕ. (ಆ ಯಂತ್ರ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.)

ಹೀಗೆ ಮಾಡಿ. ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಗ್ರಿಡ್ ಮೇಲೆಯೇ ಇರಲಿ, ಅದು ಗೂಟ. ಸ್ನೇರ್ ಎಲ್ಲವನ್ನೂ 8ರಿಂದ 12 ಮಿಲಿಸೆಕೆಂಡ್ ಮುಂಚೆ ತನ್ನಿ. ಹೈ-ಹ್ಯಾಟ್‌ಗೆ (ಜೋಡಿ ತಟ್ಟೆಗೆ) ಮಾತ್ರ ಸ್ವಿಂಗ್ 55. ಬೇಸ್ ಟ್ರ್ಯಾಕನ್ನು ಇಡಿಯಾಗಿ 15 ಮಿಲಿಸೆಕೆಂಡ್ ತಡವಾಗುವಂತೆ ಹಿಂದಕ್ಕೆ ಎಳೆಯಿರಿ. ಕಿಕ್-ಬೇಸ್ ನಡುವಿನ ಅಂತರ 30 ದಾಟಿದರೆ ಎರಡು ಏಟು ಬಿಡಿಬಿಡಿಯಾಗಿ ಕೇಳಿಸಿ ತಪ್ಪಿನಂತೆ ಕಾಣುತ್ತದೆ, ಹಿಂದಕ್ಕೆ ಬನ್ನಿ. ಆಮೇಲೆ ಗಟ್ಟಿತನದ ವ್ಯತ್ಯಾಸ: ಹ್ಯಾಟ್‌ನ ಸಣ್ಣ ಏಟುಗಳ ವೆಲಾಸಿಟಿ 100 ಇದ್ದದ್ದನ್ನು 60–70ಕ್ಕೆ ಇಳಿಸಿ. ಜೀವ ಇಲ್ಲ ಎಂಬ ದೂರಿನಲ್ಲಿ ಅರ್ಧ ಪಾಲು ಇದರದ್ದೇ.

ಒಂದು ಎಚ್ಚರಿಕೆ. ‘ಫಾರ್ ಫ್ರೀ?’ ಥರದ ಜಾಝ್ ಸ್ವಿಂಗ್ ಬೇಕೆಂದು ವೇಗದ ಬೀಟಿಗೆ 66 ತುಂಬಬೇಡಿ. ವೇಗ ಹೆಚ್ಚಿದಷ್ಟೂ ಜಾಝ್ ಡ್ರಮ್ಮರ್‌ಗಳ ಸ್ವಿಂಗ್ ಸಪಾಟಾಗುತ್ತಾ ಬರುತ್ತದೆ. 66ರ ಕುಣಿತ ನಿಧಾನ ನಡೆಗೆ ಮಾತ್ರ ಒಪ್ಪುತ್ತದೆ.

ಪ್ರಶ್ನೆ: ನಮ್ಮೂರ ಮೇಳದ ಭಾಗವತರು ಮತ್ತು ಚೆಂಡೆಯವರು ಒಂದು ರ‍್ಯಾಪ್ ಹಾಡಿಗೆ ಒಪ್ಪಿದ್ದಾರೆ. ನಮ್ಮ ಬೀಟ್ ಹಾಕಿ ಅದರ ಮೇಲೆ ನುಡಿಸಿ ಎಂದೆವು. ಎರಡೇ ನಿಮಿಷದಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಸ್ಟುಡಿಯೊದವರು ಚೆಂಡೆ ‘ಒಡೆಯುತ್ತೆ’ ಅನ್ನುತ್ತಾರೆ. — ಓದುಗರು, ಕುಂದಾಪುರ

ಬೀಟ್ ಮೊದಲು ಹಾಕಿದ್ದೇ ಎಡವಟ್ಟು. ರಂಗಸ್ಥಳದಲ್ಲಿ ಲಯ ಭಾಗವತರದ್ದು. ಅವರು ಪದ್ಯದ ಭಾವಕ್ಕೆ ತಕ್ಕಂತೆ ಕಾಲ ಏರಿಸುತ್ತಾರೆ, ಮದ್ದಳೆ-ಚೆಂಡೆ ಅವರನ್ನು ನೋಡಿಕೊಂಡು ಹೋಗುತ್ತವೆ. ಕ್ಲಿಕ್‌ಗೆ (ವೇಗ ತೋರಿಸುವ ಟಿಕ್ ಟಿಕ್ ಸದ್ದಿಗೆ) ಕಟ್ಟಿಹಾಕಿದರೆ ನಿಮಗೆ ಸಿಗುವುದು ಯಕ್ಷಗಾನದ ಸದ್ದು ಮಾತ್ರ, ನಡೆ ಸಿಗುವುದಿಲ್ಲ.

ತಿರುಗಿಸಿ. ಭಾಗವತರು, ಮದ್ದಳೆ, ಚೆಂಡೆ ಕ್ಲಿಕ್ ಇಲ್ಲದೆ ಒಟ್ಟಿಗೆ ಒಂದು ಪದ್ಯ ಪೂರ್ತಿ ಮಾಡಲಿ. ಮೂರು ಟೇಕ್ ಸಾಕು. ಅದರಲ್ಲಿ ಒಳ್ಳೆಯದನ್ನು ಸಾಫ್ಟ್‌ವೇರಿಗೆ ಹಾಕಿ ಪ್ರತಿ ಆವರ್ತದ ಮೊದಲ ಏಟಿಗೆ ಗುರುತು ಹಾಕಿ ಟೆಂಪೋ ಮ್ಯಾಪ್ ಮಾಡಿ. ಆಗ ಗ್ರಿಡ್ ಅವರ ಹಿಂದೆ ಬರುತ್ತದೆ, ನಿಮ್ಮ ಕಿಕ್ ಆ ಗ್ರಿಡ್ ಹಿಂದೆ. ವೇಗ 84ರಿಂದ 92ಕ್ಕೆ ಏರಿದರೆ ಏರಲಿ, ರ‍್ಯಾಪರ್ ಅದನ್ನು ಕೇಳಿಸಿಕೊಂಡು ಹೇಳುವುದನ್ನು ಕಲಿಯಬೇಕು.

ಇನ್ನು ಎಣಿಕೆ. ರ‍್ಯಾಪಿನವರು ನಾಲ್ಕೆಣಿಕೆಯ 16 ಬಾರ್ ಬರೆದುಕೊಂಡು ಬರುತ್ತಾರೆ, ಅಂದರೆ 64 ಎಣಿಕೆ. ಪದ್ಯ ಏಳರ ಆವರ್ತದಲ್ಲಿದ್ದರೆ ಒಂಬತ್ತು ಆವರ್ತಕ್ಕೆ 63, ಒಂದು ಎಣಿಕೆ ಅನಾಥವಾಗಿ ಉಳಿಯುತ್ತದೆ. ನಿಮ್ಮಲ್ಲಿ ಚೆಲ್ಲಾಪಿಲ್ಲಿ ಆದದ್ದು ಬಹುಶಃ ಅಲ್ಲೇ. 14 ಬಾರ್ ಬರೆಯಿರಿ: 56 ಎಣಿಕೆ, ಸರಿಯಾಗಿ ಎಂಟು ಆವರ್ತ. ಹತ್ತರ ಆವರ್ತವಾದರೆ 10 ಬಾರ್‌ಗೆ ನಾಲ್ಕು ಆವರ್ತ, 20 ಬಾರ್‌ಗೆ ಎಂಟು. ತಾಳದ ಹೆಸರು ಕೇಳಿ ಪುಸ್ತಕದಿಂದ ಎಣಿಕೆ ತೆಗೆಯಬೇಡಿ. ಯಕ್ಷಗಾನದ ತಾಳಗಳು ಕರ್ನಾಟಕ ಸಂಗೀತದ ಅದೇ ಹೆಸರಿನ ತಾಳಗಳಂತೆಯೇ ನಡೆಯಬೇಕೆಂದಿಲ್ಲ. ಭಾಗವತರ ಕೈ ನೋಡಿ ಎಣಿಸಿಕೊಳ್ಳಿ.

ಶ್ರುತಿಯದ್ದೂ ಇದೇ ನ್ಯಾಯ. ಭಾಗವತರು ಕಪ್ಪು ಮೂರರಲ್ಲಿ ಹಾಡುವವರಾದರೆ ನಿಮ್ಮ ಬೀಟ್ ಎಫ್ ಶಾರ್ಪ್‌ಗೆ ಬರಬೇಕು, 808ರ (ಡ್ರಮ್ ಯಂತ್ರದ ಆಳವಾದ ಬೇಸ್ ಸದ್ದಿನ) ತಳದ ಸ್ವರ 46 ಹರ್ಟ್ಸ್ ಸುತ್ತ ಕೂರಬೇಕು. ಅವರ ಕಂಠವನ್ನು ಸಾಫ್ಟ್‌ವೇರಿನಲ್ಲಿ ಏರಿಸಿ ಇಳಿಸಿದರೆ ಅರ್ಧ ಸ್ವರಕ್ಕೇ ಮೂಗುಮೂಗಾಗುತ್ತದೆ. ಶ್ರುತಿಪೆಟ್ಟಿಗೆ 440ರ ಲೆಕ್ಕಕ್ಕೆ ಸರಿಯಾಗಿ ಇರುವುದೂ ಅಪರೂಪ. ಟ್ಯೂನರ್ ಹಿಡಿದು ನೋಡಿ. 15 ಸೆಂಟ್ (ಅರ್ಧ ಸ್ವರದ ನೂರನೇ ಪಾಲು ಒಂದು ಸೆಂಟ್) ಮೇಲಿದ್ದರೆ ನಿಮ್ಮ ಕೀಬೋರ್ಡ್, 808 ಎಲ್ಲವನ್ನೂ 15 ಸೆಂಟ್ ಏರಿಸಿ.

ಚೆಂಡೆ ಒಡೆಯುವುದು ಮೈಕ್ ಹತ್ತಿರ ಇಟ್ಟದ್ದಕ್ಕೆ. ಡೈನಾಮಿಕ್ ಮೈಕ್, ಒಂದರಿಂದ ಒಂದೂವರೆ ಮೀಟರ್ ದೂರ, ಅತಿ ಜೋರಿನ ಉರುಳಿಕೆಯಲ್ಲೂ ರೆಕಾರ್ಡಿಂಗ್ ಮೀಟರಿನ ಮುಳ್ಳು −12 ಡೆಸಿಬೆಲ್ ದಾಟದಂತೆ ಗೇನ್. ಕೋಣೆ ಚಿಕ್ಕದಾದರೆ ಗೋಡೆಗೆ ದಪ್ಪ ಹಾಸಿಗೆ ಒರಗಿಸಿ. ಭಾಗವತರ ಕೈಯ ತಾಳದ ಸದ್ದು ಎಲ್ಲ ಮೈಕಿಗೂ ಸೋರುತ್ತದೆ, ತೆಗೆಯಲು ಹೋಗಬೇಡಿ. ನಿಮ್ಮ ಹೈ-ಹ್ಯಾಟನ್ನೇ ತೆಗೆದುಬಿಡಿ. ಎರಡೂ ಒಂದೇ ಜಾಗದ ಸದ್ದು, ಒಂದು ಇದ್ದರೆ ಸಾಕು.

ಬೆಂಗಳೂರಿನಲ್ಲಿ ನೆಲೆಸಿರುವ ಹನುಮಾನ್‌ಕೈಂಡ್ ಅವರ 2025ರ ‘ರನ್ ಇಟ್ ಅಪ್’ ಕೇಳಿ. ಅದು ಕೇರಳದ ಚೆಂಡೆಮೇಳ, ನಿಮ್ಮದಲ್ಲ. ಆದರೂ ಚೆಂಡೆಗೆ ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ಒಳ್ಳೆಯ ಪಾಠ.

ಪ್ರಶ್ನೆ: ಹಳೆಯ ಕನ್ನಡ ಚಿತ್ರಗೀತೆಯೊಂದರಿಂದ 4 ಸೆಕೆಂಡ್ ವೀಣೆ ಎತ್ತಿದ್ದೇವೆ. 7 ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲವಂತೆ, ನಿಜವೇ? ಇನ್ನೊಂದು ಹಾಡಿಗೆ ಶಿಶುನಾಳ ಶರೀಫರ ತತ್ವಪದ ಬಳಸಬಹುದೇ? — ಓದುಗರು, ತುಮಕೂರು

7 ಸೆಕೆಂಡಿನ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಯಾರು ಹುಟ್ಟಿಸಿದರೋ, ಊರೂರು ಸುತ್ತುತ್ತಿದೆ.

ಅಮೆರಿಕದಲ್ಲಿ ಇದಕ್ಕಾಗಿ ಬೇಕಾದಷ್ಟು ಜಗಳ ಆಗಿದೆ. 1991ರಲ್ಲಿ ರ‍್ಯಾಪರ್ ಬಿಝ್ ಮಾರ್ಕಿ ವಿರುದ್ಧ ಬಂದ ತೀರ್ಪಿನ ನಂತರ ಅನುಮತಿಯಿಲ್ಲದ ಸ್ಯಾಂಪಲ್ ದುಬಾರಿಯಾಯಿತು. ಫಂಕಡೆಲಿಕ್ ತಂಡದ ಎರಡು ಸೆಕೆಂಡಿನ ಗಿಟಾರ್ ತುಣುಕಿನ ಮೇಲೆ ನಡೆದ ಮೊಕದ್ದಮೆಯಲ್ಲಿ 2005ರಲ್ಲಿ ಮೇಲ್ಮನವಿ ನ್ಯಾಯಾಲಯ ‘ಎಷ್ಟೇ ಚಿಕ್ಕದಿರಲಿ, ಲೈಸೆನ್ಸ್ ಬೇಕು’ ಎಂಬರ್ಥದ ತೀರ್ಪು ಕೊಟ್ಟಿತು. 2016ರಲ್ಲಿ ಕ್ಯಾಲಿಫೋರ್ನಿಯಾ ಸೇರಿರುವ ಇನ್ನೊಂದು ವಲಯದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಫಂಕಡೆಲಿಕ್ ಕಟ್ಟಿದ ಜಾರ್ಜ್ ಕ್ಲಿಂಟನ್ ಅವರನ್ನು ಲಮಾರ್ ತಮ್ಮ ಆಲ್ಬಂನ ಮೊದಲ ಹಾಡಿಗೆ ಕರೆಸಿ ಹಾಡಿಸಿಯೇಬಿಟ್ಟರು, ಅದು ಅತ್ಯಂತ ಗೌರವದ ದಾರಿ. ಅನುಮತಿ ಕಾಗದ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಡಿ ಲಾ ಸೋಲ್ ತಂಡವನ್ನು ನೋಡಿ: 1989ರ ಅವರ ಮೊದಲ ಆಲ್ಬಂ ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ.

ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ. ನಿಮ್ಮ 4 ಸೆಕೆಂಡಿನಲ್ಲಿ ಎರಡು ಬೇರೆಬೇರೆ ಹಕ್ಕುಗಳಿವೆ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯದು. ಪ್ರಕಟವಾದ ಮರುವರ್ಷದಿಂದ 60 ವರ್ಷ. 1964ರಲ್ಲಿ ಹೊರಬಂದ ಮುದ್ರಣದ ಅವಧಿ 2024ರ ಕೊನೆಗೆ ಮುಗಿಯಿತು. ಅಷ್ಟಕ್ಕೇ ಹಿಗ್ಗಬೇಡಿ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಸಂಗೀತ ನಿರ್ದೇಶಕರು 1993ರಲ್ಲಿ ತೀರಿಕೊಂಡಿದ್ದರೆ ಆ ರಾಗಸಂಯೋಜನೆ 2053ರ ಕೊನೆಯವರೆಗೆ ಬೇಲಿಯೊಳಗೆ. ಹಾಗಾಗಿ ಎರಡು ಕಡೆ ಬರೆಯಬೇಕು: ಮುದ್ರಣಕ್ಕೆ ಕಂಪನಿಗೆ, ಸಂಯೋಜನೆಗೆ ಐಪಿಆರ್‌ಎಸ್ (ಸಂಗೀತ ಕರ್ತೃಗಳ ಹಕ್ಕು ನೋಡಿಕೊಳ್ಳುವ ಸಂಘ) ಅಥವಾ ಹಕ್ಕುದಾರರಿಗೆ. ವೀಣೆಯವರನ್ನು ಕರೆಸಿ ಅದೇ ತುಣುಕು ಮತ್ತೆ ನುಡಿಸಿದರೆ ಮೊದಲ ಅನುಮತಿ ಬೇಡ, ಎರಡನೆಯದು ಬೇಕೇ ಬೇಕು. ‘ಕವರ್ ಹಾಡಿಗೆ ಕಾನೂನಿನಲ್ಲಿ ದಾರಿ ಇದೆಯಲ್ಲ’ ಎಂದು ಕೆಲವರು ಬರೆದಿದ್ದಾರೆ. 31ಸಿ ವಿಧಿ ಇರುವುದು ನಿಜ. ಆದರೆ ಅದು ಐದು ವರ್ಷ ಕಳೆದ ಹಾಡಿಗೆ, ಹಾಡನ್ನು ಬದಲಿಸದೆ ಹಾಡುವವರಿಗೆ. ನಡುವೆ ರ‍್ಯಾಪ್ ತುರುಕುವವರಿಗೆ ಅಲ್ಲ.

ಶರೀಫರು 1889ರಲ್ಲಿ ತೀರಿಕೊಂಡವರು, ಪದ ಎಲ್ಲರದ್ದು. ಆದರೆ ಇವತ್ತು ನಮ್ಮ ಬಾಯಲ್ಲಿರುವ ಧಾಟಿಗಳಲ್ಲಿ ಹಲವು ಸಿ. ಅಶ್ವಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ. ಆ ಧಾಟಿ ಬೇಡವಾದರೆ ಹಳ್ಳಿಯ ಭಜನಾ ಮೇಳದ ಸಾಂಪ್ರದಾಯಿಕ ಮಟ್ಟು ಹಿಡಿಯಿರಿ, ಇಲ್ಲವೇ ನೀವೇ ಹೊಸದು ಕಟ್ಟಿ. ವಚನ, ದಾಸರ ಪದಕ್ಕೂ ಇದೇ ಮಾತು. ಬೇಂದ್ರೆಯವರ ಸಾಲು ಬೇಕಿದ್ದರೆ 2041ರ ಕೊನೆಯವರೆಗೆ, ಕುವೆಂಪು ಅವರದ್ದಾದರೆ 2054ರ ಕೊನೆಯವರೆಗೆ ಅನುಮತಿ ಅಗತ್ಯ. ಹಣ ಹಾಕುವ ಮುನ್ನ ಹಕ್ಕುಸ್ವಾಮ್ಯ ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: 808, ಬೇಸ್ ಗಿಟಾರ್, ತಬಲಾದ ಡಗ್ಗಾ ಮೂರೂ ಒಂದೇ ಹಾಡಿನಲ್ಲಿವೆ. ಕಾರಿನಲ್ಲಿ ಬರೀ ಗುಂಯ್ ಅನ್ನುತ್ತದೆ, ಫೋನಿನಲ್ಲಿ ಬೇಸೇ ಇಲ್ಲ. ಈಕ್ಯೂ ಮಾಡಿ ಸಾಕಾಯಿತು. — ಓದುಗರು, ಕಲಬುರಗಿ

ಈಕ್ಯೂ ಮುಚ್ಚಿಟ್ಟು ಮ್ಯೂಟ್ ಬಟನ್ ಹುಡುಕಿ. ಮೂರೂ ಒಂದೇ ಹೊತ್ತಿಗೆ ಮಾತಾಡುವ ಅಗತ್ಯವಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್‌ನಿಂದ ಶುರು, 808 ಅದೇ ಜಾಗದಲ್ಲಿ ನಿಂತಿದೆ, ಡಗ್ಗಾದ ಘೇ ಸ್ವಲ್ಪ ಮೇಲೆ ಓಲಾಡುತ್ತದೆ. ಥಂಡರ್‌ಕ್ಯಾಟ್ ನುಡಿಸುವುದು ಆರು ತಂತಿಯ ಬೇಸ್. ಅವರು ಮೇಲಿನ ತಂತಿಗಳಿಗೆ ಏರಿ ರಾಗದ ಕೆಲಸ ಮಾಡುವಾಗ ತಳ ಖಾಲಿಯಾಗುತ್ತದೆ, ಬೇರೆಯವರಿಗೆ ಜಾಗ ಸಿಗುತ್ತದೆ. ನೀವೂ ಭಾಗ ಮಾಡಿ. ಚರಣದಲ್ಲಿ ಡಗ್ಗಾ ಮತ್ತು ಬೇಸ್ ಗಿಟಾರ್, ಪಲ್ಲವಿಗೆ 808. ಘೇ ಎಳೆಯುವ ಜಾಗದಲ್ಲಿ 808 ಬೇಡವೇ ಬೇಡ, ಆ ಮೀಂಡ್ ಸತ್ತರೆ ತಬಲಾ ಇಟ್ಟು ಏನು ಸುಖ?

ಉಳಿದ ಘರ್ಷಣೆಗೆ: 808ರ ಬಾಲವನ್ನು 300–400 ಮಿಲಿಸೆಕೆಂಡಿಗೆ ಕತ್ತರಿಸಿ. ಕಿಕ್ ಮತ್ತು ಬೇಸ್ ಎರಡನ್ನೇ ಹಾಕಿ ಒಂದರ ಪೋಲಾರಿಟಿ ತಿರುಗಿಸಿ ನೋಡಿ. ಯಾವುದರಲ್ಲಿ ತಳ ತುಂಬಿಕೊಳ್ಳುತ್ತದೋ ಅದನ್ನು ಉಳಿಸಿ. ಕಿಕ್ ಬಿದ್ದಾಗ ಬೇಸ್ 3 ಡೆಸಿಬೆಲ್ ತಗ್ಗುವಂತೆ ಸೈಡ್‌ಚೈನ್, ರಿಲೀಸ್ 100 ಮಿಲಿಸೆಕೆಂಡ್ ಸುಮಾರು. 120 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮೋನೊ. ಫೋನಿನ ಸ್ಪೀಕರಿಗೆ 49 ಹರ್ಟ್ಸ್ ಬರುವುದೇ ಇಲ್ಲ. ಸ್ಯಾಚುರೇಶನ್ ಹಾಕಿದರೆ ಅದರ ಮೇಲಿನ 98, 147, 196 ಏಳುತ್ತವೆ, ಅವುಗಳಿಂದ ಕಿವಿ ತಳವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ.

ಪ್ರಶ್ನೆ: ನಾವಿಬ್ಬರು ರ‍್ಯಾಪರ್‌ಗಳು, 8 ಹಾಡಿನ ಆಲ್ಬಂ. ಪಿಟೀಲು, ಸ್ಯಾಕ್ಸೋಫೋನ್, ಡ್ರಮ್ಸ್ ಎಲ್ಲ ಲೈವ್ ಬೇಕು, ದುಡ್ಡು ಕಡಿಮೆ. ಯಾವುದು ಮೊದಲು ರೆಕಾರ್ಡ್ ಮಾಡಬೇಕು? — ಓದುಗರು, ಶಿವಮೊಗ್ಗ

ಸ್ಟುಡಿಯೊ ಬುಕ್ ಮಾಡುವ ಮೊದಲು ಒಂದು ಹಾಳೆ: ಪ್ರತಿ ಹಾಡಿನ ವೇಗ, ಶ್ರುತಿ, ಬಾರ್‌ಗಳ ಲೆಕ್ಕ, ತಾಳ ಹಿಡಿಯುವ ವಾದ್ಯ ಯಾವುದು. ಆ ಕೊನೆಯ ಕಾಲಮ್ಮಿನಲ್ಲಿ ಎರಡು ಹೆಸರು ಬಂದರೆ ಹಾಡು ಇನ್ನೂ ತಯಾರಾಗಿಲ್ಲ. ಫೋನಿನಲ್ಲೇ ಒರಟು ರ‍್ಯಾಪ್ ಮಾಡಿ ವಾದಕರಿಗೆ ವಾರ ಮೊದಲೇ ಕಳಿಸಿ. ಮಾತು ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ಗೊತ್ತಿಲ್ಲದ ಸ್ಯಾಕ್ಸೋಫೋನಿಗರು ಎಲ್ಲ ಕಡೆ ನುಡಿಸುತ್ತಾರೆ; ಅವರ ವಾದ್ಯವೂ ನಿಮ್ಮ ಕಂಠವೂ 1ರಿಂದ 3 ಕಿಲೋಹರ್ಟ್ಸ್‌ನಲ್ಲಿ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಅದನ್ನು ಮಿಕ್ಸ್‌ನಲ್ಲಿ ಸರಿಮಾಡುವುದು ಕಷ್ಟ, ಹಾಳೆಯ ಮೇಲೆ ಸುಲಭ.

ಡ್ರಮ್ಸ್ ಮತ್ತು ಬೇಸ್ ಒಟ್ಟಿಗೆ, ಒಂದೇ ದಿನ. ಹಾಡಿಗೆ ಮೂರು ಪೂರ್ತಿ ಟೇಕ್, ತುಂಡುತುಂಡಾಗಿ ಬೇಡ. ಕೊನೆಯಲ್ಲಿ ಪ್ರತಿ ವೇಗಕ್ಕೂ ಐದು ನಿಮಿಷ ಸುಮ್ಮನೆ ನುಡಿಸಲು ಬಿಡಿ. ಇದೇ ನಿಮ್ಮ ಸ್ಯಾಂಪಲ್ ಗಣಿ. ನಂತರ ಅದನ್ನೇ ಕತ್ತರಿಸಿ, ಪಿಚ್ ಇಳಿಸಿ ಲೂಪ್ ಮಾಡಿದರೆ ಯಾವ ಕಂಪನಿಗೂ ಪತ್ರ ಬರೆಯಬೇಕಿಲ್ಲ. ಆದರೆ ವಾದಕರಿಂದ ಅಂದೇ ಒಂದು ಪುಟ ಬರೆಸಿಕೊಳ್ಳಿ: ಸಂಭಾವನೆ ಎಷ್ಟು, ಕತ್ತರಿಸಿ ಬಳಸಲು ಒಪ್ಪಿಗೆ ಇದೆಯೇ, ಪಾಲು ಇದೆಯೇ, ಹೆಸರು ಹೇಗೆ ಹಾಕಬೇಕು. ಗೆಳೆತನ ಕೆಡುವುದು ಹಾಡು ಓಡಿದ ಮೇಲೆ.

ಪಿಟೀಲು, ಸ್ಯಾಕ್ಸೋಫೋನ್ ಎರಡನೇ ದಿನ. ಸ್ಯಾಕ್ಸೋಫೋನಿಗೆ ಮೈಕ್ 30–45 ಸೆಂಟಿಮೀಟರ್ ದೂರ, ಬಾಯಿಗೆ ನೇರ ಬೇಡ, ನಡುವಿನ ಕೀಲಿಗಳತ್ತ. ಕೊನೆಯ ರ‍್ಯಾಪ್ ಎಲ್ಲದರ ನಂತರ. ಒರಟು ಟೇಕಿನ ಒಂದೆರಡು ಸಾಲು ಹೊಸದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ಇಡಿ, ಯಾರೂ ಕೇಳುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ 8.6 ಎಂಬಿ. 16 ಟ್ರ್ಯಾಕಿನ 4 ನಿಮಿಷದ ಹಾಡಿಗೆ ಟೇಕೊಂದಕ್ಕೆ 550 ಎಂಬಿ. ಎರಡು ಡ್ರೈವ್‌ನಲ್ಲಿ ಪ್ರತಿ ಇಡಿ, ಒಂದು ಸ್ಟುಡಿಯೊದಿಂದ ಹೊರಗೆ.

ಹಾಡಿನಿಂದ ಹಾಡಿಗೆ ನಿಲ್ಲದೆ ಹರಿಯಬೇಕಾದರೆ ಎಂಟನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಜೋಡಿಸಿ, ಅಲೆ ಸೊನ್ನೆ ಮುಟ್ಟುವ ಜಾಗದಲ್ಲೇ ಕತ್ತರಿಸಿ ಹೊರತೆಗೆಯಿರಿ, ಕೊನೆಗೆ ನಿಶ್ಶಬ್ದ ಸೇರಿಸಬೇಡಿ. ಸಿಂಗಲ್‌ಗೆ ಬೇರೆ ರೂಪ ಮಾಡಲು ಹಿಂಜರಿಕೆ ಬೇಡ. ಲಮಾರ್ ಅವರ ‘ಐ’ ಸಿಂಗಲ್ ಆಗಿ 2014ರಲ್ಲಿ ನುಣ್ಣಗೆ ಬಂತು. ಆಲ್ಬಂನಲ್ಲಿ ಅದೇ ಹಾಡು ವೇದಿಕೆಯ ಮೇಲೆ ನಡೆದಂತಿದ್ದು ಜಗಳದಲ್ಲಿ ಮುರಿದುಬೀಳುತ್ತದೆ.

ಪ್ರಶ್ನೆ: ಪುಲಿಟ್ಜರ್ ಬಂದದ್ದು ಈ ಆಲ್ಬಂಗೇ ಅಲ್ಲವೇ? — ಓದುಗರು, ಹಾಸನ

ಅಲ್ಲ. 2018ರ ಪುಲಿಟ್ಜರ್ ಸಂದದ್ದು ಲಮಾರ್ ಅವರ 2017ರ ‘ಡ್ಯಾಮ್’ಗೆ. ‘ಬಟರ್‌ಫ್ಲೈ’ಗೆ 2016ರಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಂ ಗ್ರ್ಯಾಮಿ ಬಂತು, ವರ್ಷದ ಆಲ್ಬಂ ಪ್ರಶಸ್ತಿ ಟೇಲರ್ ಸ್ವಿಫ್ಟ್ ಅವರ ‘1989’ರ ಪಾಲಾಯಿತು.

ಪ್ರಶ್ನೆ: ಇದರ ಎಲ್‌ಪಿ ಕೊಳ್ಳುವುದು ಲಾಭವೇ? ಇದಾದ ಮೇಲೆ ಏನು ಕೇಳಲಿ? — ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಎರಡು ತಟ್ಟೆ, ನಾಲ್ಕು ಮಗ್ಗುಲು, ಮಗ್ಗುಲಿಗೆ ಸರಾಸರಿ 20 ನಿಮಿಷ. ಅದು ಎಲ್‌ಪಿಗೆ ಹಿತವಾದ ಅಳತೆ, ಸದ್ದು ಸೊರಗುವುದಿಲ್ಲ. ಒಳಸುತ್ತಿಗೆ ಹೋದಂತೆ ‘ಸ’, ‘ಶ’ ಸದ್ದುಗಳು ಸ್ವಲ್ಪ ಒರಟಾಗುತ್ತವೆ, ರ‍್ಯಾಪಿನಲ್ಲಿ ಅದು ಬೇಗ ಗೊತ್ತಾಗುತ್ತದೆ. ಸೂಜಿ ಸವೆದಿದ್ದರೆ ಇನ್ನೂ ಹೆಚ್ಚು. ಕವಿತೆಯ ಎಳೆ ಕಡಿಯಬಾರದು ಎಂದಾದರೆ ಸಿಡಿಯೇ ಮೇಲು, ಅದರ 80 ನಿಮಿಷದ ಮಿತಿಯೊಳಗೆ ಪೂರ್ತಿ ಹಿಡಿದಿದೆ.

ಮುಂದಕ್ಕೆ: ಕಮಾಸಿ ಅವರ ‘ದ ಎಪಿಕ್’, ಅದೇ 2015ರದ್ದು, ಸುಮಾರು ಮೂರು ಗಂಟೆ, ಬಿಡುವಿನ ಭಾನುವಾರ ನೋಡಿಕೊಳ್ಳಿ. ಗ್ಲಾಸ್ಪರ್ ಅವರ 2012ರ ‘ಬ್ಲ್ಯಾಕ್ ರೇಡಿಯೊ’. ಡಿ’ಆಂಜೆಲೊ ಅವರ 2000ದ ‘ವೂಡೂ’, ಬೇಸ್ ಎಷ್ಟು ಹಿಂದೆ ಬೀಳಬಹುದು ಎಂದು ತಿಳಿಯಲು. ಭಾರತೀಯ ಚಿತ್ರಸಂಗೀತವನ್ನು ಅಮೆರಿಕದ ಬೀಟ್‌ಗಾರ ಹೇಗೆ ಕತ್ತರಿಸುತ್ತಾನೆ ಎಂಬ ಕುತೂಹಲವಿದ್ದರೆ ಮ್ಯಾಡ್‌ಲಿಬ್ ಅವರ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’. ಲಮಾರ್ 2016ರಲ್ಲಿ ತಂದ ‘ಅನ್‌ಟೈಟಲ್ಡ್ ಅನ್‌ಮಾಸ್ಟರ್ಡ್’ನಲ್ಲಿ ಈ ಆಲ್ಬಂ ಕಾಲದ ಉಳಿಕೆ ಹಾಡುಗಳಿವೆ. ಹೆಸರೂ ಇಡದ ಆ ಎಂಟು ಹಾಡುಗಳಲ್ಲಿ ಜಾಝ್ ಇನ್ನೂ ಹಸಿಯಾಗಿದೆ.